ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಲು ಎಷ್ಟು ವರ್ಷ ಬೇಕು?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಬೇಕೆಂಬ ಆಸೆ ಅವಳದು. ಇದಕ್ಕೆ ಒಟ್ಟು ಎಷ್ಟು ವರ್ಷ ಹಿಡಿಯುತ್ತದೆ?

ಉತ್ತರ: ಎಲ್ಲವೂ ಸರಾಗವಾಗಿ ನಡೆದರೂ ಎಂ.ಎಸ್ಸಿ. ನಂತರ ಸುಮಾರು 20 ವರ್ಷ ಎಂದಿಟ್ಟುಕೊಳ್ಳಿ. ಇದರಲ್ಲಿ 15 ವರ್ಷ ಬಡ್ತಿ ನಿಯಮಗಳ ಲೆಕ್ಕ, ಉಳಿದದ್ದು ಪಿಎಚ್.ಡಿ.ಯ ಅವಧಿ, ಮತ್ತು ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆಕೆ ಸಂಶೋಧನೆಗೆ ಆರಿಸಿಕೊಳ್ಳುವ ಗಿಡ.

ಮೊದಲ ಮೆಟ್ಟಿಲು ನೆಟ್, ಅಂದರೆ ಅಧ್ಯಾಪಕ ಹುದ್ದೆಗೂ ಸಂಶೋಧನಾ ವೇತನಕ್ಕೂ ಅರ್ಹತೆ ಕೊಡುವ ರಾಷ್ಟ್ರೀಯ ಪರೀಕ್ಷೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್‌ನಲ್ಲಿ ಸಸ್ಯಶಾಸ್ತ್ರವೆಂಬ ವಿಷಯವಿಲ್ಲದ ಕಾರಣ ಆಕೆ ವಿಜ್ಞಾನ ವಿಷಯಗಳಿಗಾಗಿ ನಡೆಯುವ ಸಿಎಸ್‌ಐಆರ್–ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆಯನ್ನೇ ಬರೆಯಬೇಕು. ಅಲ್ಲಿ ಸಸ್ಯ ವರ್ಗೀಕರಣಕ್ಕಿಂತ ಕೋಶ ಮತ್ತು ಅಣು ಜೀವಶಾಸ್ತ್ರದ ಭಾರವೇ ಹೆಚ್ಚು. ಜೆಆರ್‌ಎಫ್ (ಕಿರಿಯ ಸಂಶೋಧಕರ ಶಿಷ್ಯವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಬರುವುದರಿಂದ ಸಂಶೋಧನೆಯ ವರ್ಷಗಳಲ್ಲಿ ಮನೆಯವರನ್ನು ಅವಲಂಬಿಸಬೇಕಾಗಿಲ್ಲ. ಆರಂಭದ ಹುದ್ದೆಯಾದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ಕರ್ನಾಟಕದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಸಾಕು ಎಂದು 2023ರ ಜುಲೈನಿಂದ ಆಗಿದೆ. ಆದರೂ ಪಿಎಚ್.ಡಿ. ಇಲ್ಲದೆ ಅದರ ಮೇಲಿನ ಸಹ ಪ್ರಾಧ್ಯಾಪಕ ಹುದ್ದೆಗೆ ಏರುವಂತಿಲ್ಲ. ಅದನ್ನು ಮುಂದೂಡಿದಷ್ಟೂ ಕಷ್ಟ.

ಯುಜಿಸಿಯ 2022ರ ನಿಯಮಗಳಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಇದರಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು ಗಿಡದ ಮೇಲೆ ನಿಂತಿದೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಬೀಜದಿಂದ ಬೀಜಕ್ಕೆ ಬರಲು ಸುಮಾರು 6ರಿಂದ 8 ವಾರ ಸಾಕು. ಆದ್ದರಿಂದ ಒಂದೇ ವರ್ಷದಲ್ಲಿ ಹಲವು ತಲೆಮಾರುಗಳನ್ನು ನೋಡಬಹುದು. ರಾಗಿಯಾದರೆ ಮೂರೂವರೆ–ನಾಲ್ಕು ತಿಂಗಳ ಬೆಳೆ, ಅದೂ ಮುಂಗಾರಿಗೆ ಕಟ್ಟುಬಿದ್ದದ್ದು. ಬರ ತಾಳುವ ಗುಣವನ್ನು ಅಳೆಯುವವರು ಕುಂಡಗಳನ್ನು ದಿನವೂ ತಕ್ಕಡಿಗಿಟ್ಟು, ಎಷ್ಟು ಗ್ರಾಂ ನೀರು ಇಳಿದಿದೆಯೋ ನೋಡಿ, ಮಣ್ಣಿನ ತೇವವು ನಿಗದಿಯಾದ ಮಟ್ಟದಲ್ಲೇ ನಿಲ್ಲುವಷ್ಟನ್ನು ಮಾತ್ರ ಹೊಯ್ಯುತ್ತಾರೆ, ಭಾನುವಾರವೆಂದು ಬಿಡುವಂತಿಲ್ಲ. ನೆತ್ತಿಯ ಮೇಲೆ ಬಿಸಿಲೇರಿದಂತೆ ಎಲೆಯ ಪತ್ರರಂಧ್ರಗಳು ಮುಚ್ಚತೊಡಗುವುದರಿಂದ ದ್ಯುತಿಸಂಶ್ಲೇಷಣೆಯ ಅಳತೆಯನ್ನು ಬೆಳಗಿನ ಹೊತ್ತೇ ಮುಗಿಸಬೇಕು. ಬಯಲಿನಲ್ಲಿ ನೀರುಣಿಸುವುದನ್ನು ನಿಲ್ಲಿಸಿ ಗಿಡಗಳನ್ನು ಒಣಗಿಸುತ್ತಿರುವಾಗ ಬೆಂಗಳೂರಿನ ಮಳೆ ಒಂದು ಸಂಜೆ ಜೋರಾಗಿ ಹೊಯ್ದರೆ ಆ ಹಂಗಾಮಿನ ಪ್ರಯೋಗವೇ ಹೋಯಿತು, ಮುಂದಿನ ವರ್ಷವೇ ಗತಿ. ಮರಗಳ ಮೇಲೆ ಕೆಲಸ ಮಾಡುವವರ ಪಾಡು ಇನ್ನೂ ನಿಧಾನ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಹೆಸರಿನಷ್ಟೇ ಅವರ ಗಿಡವನ್ನೂ ವಿಚಾರಿಸಬೇಕೆಂದು ನಾನು ಹೇಳುವುದು ಇದಕ್ಕೇ.

ಕೆಲಸ ಸಿಕ್ಕ ಮೇಲಿನ ಲೆಕ್ಕ ಸರಳ. ಯುಜಿಸಿಯ 2018ರ ನಿಯಮಾವಳಿಯಂತೆ ಪಿಎಚ್.ಡಿ. ಇದ್ದವರಿಗೆ ಮೊದಲ ಬಡ್ತಿಗೆ 4 ವರ್ಷ, ಎರಡನೆಯದಕ್ಕೆ 5, ಸಹ ಪ್ರಾಧ್ಯಾಪಕರಾಗಲು 3, ಪ್ರಾಧ್ಯಾಪಕರಾಗಲು ಮತ್ತೆ 3. ನೇರ ನೇಮಕಾತಿಯಾದರೆ 10 ವರ್ಷಗಳ ಅನುಭವ, 10 ಸಂಶೋಧನಾ ಲೇಖನ ಮತ್ತು 120 ಸಂಶೋಧನಾ ಅಂಕ (ಲೇಖನ, ಮಾರ್ಗದರ್ಶನದಂತಹ ಕೆಲಸಗಳಿಗೆ ಸಿಗುವ ಅಂಕ) ಬೇಕು. ಈ ನಡುವೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು; ಗಿಡದ ಮುಂದೆ ನಿಲ್ಲುವ ಸಮಯವನ್ನು ಅದರ ಆಚೆಗೇ ಹುಡುಕಿಕೊಳ್ಳಬೇಕು. ಪ್ರಾಧ್ಯಾಪಕರಾದ ಮೇಲೆ 8 ಪಿಎಚ್.ಡಿ. ವಿದ್ಯಾರ್ಥಿಗಳವರೆಗೆ ಮಾರ್ಗದರ್ಶನ ಮಾಡಬಹುದು, ಸಹಾಯಕ ಪ್ರಾಧ್ಯಾಪಕರಿಗೆ ಈ ಮಿತಿ 4.

ನಿಜವಾದ ತೊಡಕು ಇರುವುದು ಪಿಎಚ್.ಡಿ.ಗೂ ಕಾಯಂ ನೇಮಕಾತಿಗೂ ನಡುವೆ. ಸರ್ಕಾರ ಹುದ್ದೆ ತುಂಬಲು ಅನುಮತಿ ಕೊಡುವವರೆಗೆ ಅತಿಥಿ ಉಪನ್ಯಾಸಕರಾಗಿ ವರ್ಷಗಳನ್ನು ಕಳೆಯುವವರು ನಮ್ಮಲ್ಲಿ ಬಹಳ ಮಂದಿ. ಆ ಸೇವೆ ಸಾಮಾನ್ಯವಾಗಿ ಬಡ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯವೊಂದನ್ನೇ ನೆಚ್ಚಿಕೊಂಡು ಕೂರುವುದಕ್ಕಿಂತ, ಈ ಅವಧಿಯಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ಮಾಡುವುದು ಲೇಸು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಾಗಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಾಗಲಿ ಆ ಅನುಭವವಿಲ್ಲದೆ ಅಧ್ಯಾಪಕ ಹುದ್ದೆ ಸಿಗುವುದು ಅಪರೂಪ. ಕೃಷಿ ವಿಶ್ವವಿದ್ಯಾಲಯದ ದಾರಿ ಮಾತ್ರ ಬೇರೆ: ಅಲ್ಲಿಗೆ ಬೇಕಾದ ನೆಟ್ ಅನ್ನು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ನಡೆಸುತ್ತದೆ, ಅರ್ಜಿ ಹಾಕುವ ಮುನ್ನ ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಅವಕಾಶವಿದೆಯೇ ಎಂಬುದನ್ನು ಅಧಿಸೂಚನೆಯಲ್ಲಿ ಓದಿಕೊಳ್ಳಲಿ.