ಪದ ಪರಿಚಯ: ಬಾರ್ ಅಂಕ ವರ್ಗಾವಣೆ

ಅಮೆರಿಕದಲ್ಲಿ ವಕೀಲಿ ವೃತ್ತಿಗೆ ಸನ್ನದು ಕೊಡುವ ಅಧಿಕಾರ ಆಯಾ ರಾಜ್ಯದ್ದು. ದೇಶಕ್ಕೆಲ್ಲ ಸಲ್ಲುವ ಒಂದೇ ಸನ್ನದು ಅಲ್ಲಿಲ್ಲ. ಒಂದು ರಾಜ್ಯದ ಬಾರ್ ಪರೀಕ್ಷೆಯಲ್ಲಿ ಪಡೆದ ಅಂಕವನ್ನು ಇನ್ನೊಂದು ರಾಜ್ಯದ ಮುಂದಿಟ್ಟು, ಪರೀಕ್ಷೆಯನ್ನು ಮರಳಿ ಬರೆಯದೆಯೇ ಅಲ್ಲಿ ಸನ್ನದು ಕೋರುವ ಕ್ರಮಕ್ಕೆ ‘ಅಂಕ ವರ್ಗಾವಣೆ’ ಎಂದು ಹೆಸರು. ವೃತ್ತಿಯಲ್ಲಿರುವವರು ಇದನ್ನು ‘ಸ್ಕೋರ್ ಟ್ರಾನ್ಸ್‌ಫರ್’ ಎನ್ನುತ್ತಾರೆ.

‘ವರ್ಗಾವಣೆ’ ಎಂಬ ಮಾತು ನಮ್ಮವರನ್ನು ದಾರಿ ತಪ್ಪಿಸುವ ಸಂಭವವಿದೆ. ಭಾರತದಲ್ಲಿ 1961ರ ವಕೀಲರ ಕಾಯಿದೆಯ 18ನೇ ಕಲಮಿನಂತೆ ವರ್ಗವಾಗುವುದು ವಕೀಲರ ಹೆಸರೇ: ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಿಂದ ತೆಗೆದು ಬೇರೆ ರಾಜ್ಯದ ಪಟ್ಟಿಗೆ ಸೇರಿಸುತ್ತಾರೆ, ಅದಕ್ಕೆ ಶುಲ್ಕವೂ ಇಲ್ಲ. ಅಮೆರಿಕದ ಅಂಕ ವರ್ಗಾವಣೆಯಲ್ಲಿ ಗಡಿ ದಾಟುವುದು ಒಂದು ಸಂಖ್ಯೆ ಮಾತ್ರ. ಸನ್ನದಿಗೆ ಹೊಸ ರಾಜ್ಯದಲ್ಲಿ ಹೊಸದಾಗಿಯೇ ಅರ್ಜಿ ಹಾಕಬೇಕು. ನಡತೆಯ ಪರಿಶೀಲನೆಯೂ ಮೊದಲಿನಿಂದ ನಡೆಯುತ್ತದೆ.

ಈ ಸಂಖ್ಯೆಗೆ ಹಲವು ಕಡೆ ಬೆಲೆ ಬಂದದ್ದು ಏಕರೂಪ ಬಾರ್ ಪರೀಕ್ಷೆಯಿಂದ, ಅಂದರೆ ಯುಬಿಇಯಿಂದ. 2011ರ ಫೆಬ್ರವರಿಯಲ್ಲಿ ಮಿಸೌರಿ ಮತ್ತು ನಾರ್ತ್ ಡಕೋಟಾ ಇದನ್ನು ಮೊದಲು ನಡೆಸಿದವು. 2016ರ ಜುಲೈಯಲ್ಲಿ ನ್ಯೂಯಾರ್ಕ್ ಸೇರಿಕೊಂಡ ಮೇಲೆ ಅದರ ತೂಕ ಬಹಳ ಹೆಚ್ಚಿತು. ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಲೂಸಿಯಾನಾ ಹೊರಗೇ ಉಳಿದು ತಮ್ಮದೇ ಪರೀಕ್ಷೆ ನಡೆಸಿಕೊಂಡು ಬಂದಿವೆ.

ಯುಬಿಇಯ ಒಟ್ಟು ಅಂಕ 400. ಅದರಲ್ಲಿ ಅರ್ಧ ಪಾಲು 200 ಬಹು ಆಯ್ಕೆ ಪ್ರಶ್ನೆಗಳದು, ನೂರಕ್ಕೆ ಮೂವತ್ತು ಪಾಲು ಆರು ಪ್ರಬಂಧಗಳದು, ಉಳಿದ ಇಪ್ಪತ್ತು ಪಾಲು ಎರಡು ಪ್ರಾಯೋಗಿಕ ಬರಹಗಳದು. ಕಕ್ಷಿದಾರರ ಕಡತವನ್ನೂ ಬೇಕಾದ ಕಾನೂನಿನ ಭಾಗಗಳನ್ನೂ ಕೈಗೆ ಕೊಟ್ಟು, ಕಿರಿಯ ವಕೀಲರು ಕಚೇರಿಯಲ್ಲಿ ಸಿದ್ಧಪಡಿಸುವಂಥ ಟಿಪ್ಪಣಿಯನ್ನೋ ಪತ್ರವನ್ನೋ 90 ನಿಮಿಷಗಳಲ್ಲಿ ಬರೆಯಿಸುವುದೇ ಈ ಪ್ರಾಯೋಗಿಕ ಬರಹ. ಪ್ರಶ್ನೆಗಳು ಎಲ್ಲೆಡೆ ಒಂದೇ ಆದರೂ ಪ್ರಬಂಧಗಳನ್ನು ತಿದ್ದುವವರು ಆಯಾ ರಾಜ್ಯದವರೇ. ಹಾಗಾದರೆ ಕೈಬಿಗಿ ಮಾಡಿ ತಿದ್ದುವ ರಾಜ್ಯದಲ್ಲಿ ಬರೆದವರಿಗೆ ಅನ್ಯಾಯವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಅದನ್ನು ತಪ್ಪಿಸಲೆಂದೇ, ತಿದ್ದುವವರು ಉತ್ತರಗಳನ್ನು ಒಂದಕ್ಕೊಂದು ಹೋಲಿಸಿ ಮೇಲುಕೆಳಗಿನ ಸ್ಥಾನ ಕೊಡುತ್ತಾರೆ. ಬಳಿಕ ಆ ಅಂಕಗಳನ್ನು ಅದೇ ರಾಜ್ಯದ ಅಭ್ಯರ್ಥಿಗಳು ಬಹು ಆಯ್ಕೆ ಭಾಗದಲ್ಲಿ ಪಡೆದ ಅಂಕಗಳ ಹರವಿಗೆ ಹೊಂದಿಸಲಾಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಹೊಂದಾಣಿಕೆಯ ಮೇಲೆ. ಎಲ್ಲ ಭಾಗಗಳನ್ನೂ ಒಂದೇ ರಾಜ್ಯದಲ್ಲಿ, ಒಂದೇ ಸಲಕ್ಕೆ ಬರೆದಿದ್ದರೆ ಮಾತ್ರ ಅಂಕ ವರ್ಗಾವಣೆಗೆ ಅರ್ಹವಾಗುವುದೂ ಇದರಿಂದಲೇ.

ಪರೀಕ್ಷೆ ಒಂದೇ ಆದರೂ ಉತ್ತೀರ್ಣತೆಯ ಗೆರೆ ಒಂದೇ ಅಲ್ಲ. ಮಿನ್ನೆಸೋಟ 260 ಕೇಳಿದರೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ 266, ಟೆಕ್ಸಸ್ ಮತ್ತು ಮ್ಯಾಸಚೂಸೆಟ್ಸ್ 270 ಕೇಳುತ್ತವೆ. 268 ಅಂಕದವರಿಗೆ ನ್ಯೂಯಾರ್ಕಿನ ಬಾಗಿಲು ತೆರೆದಿರುತ್ತದೆ, ಮ್ಯಾಸಚೂಸೆಟ್ಸಿನದು ಮುಚ್ಚಿರುತ್ತದೆ. ನ್ಯೂಯಾರ್ಕಿನಲ್ಲಿ 262 ಪಡೆದು ನಪಾಸಾದವರು ಅದೇ ಅಂಕದೊಂದಿಗೆ ಮಿನ್ನೆಸೋಟಕ್ಕೆ ಅರ್ಜಿ ಹಾಕಬಹುದು. ನಾಲ್ಕು ಅಂಕ ಕಡಿಮೆ ಬಂತೆಂದು ಎದೆಗುಂದಿದವರಿಗೆ ಈ ಸಂಗತಿಯನ್ನು ಯಾರಾದರೂ ಆಗಲೇ ಹೇಳಬೇಕು.

ಅಂಕಕ್ಕೆ ಆಯುಸ್ಸೂ ಇದೆ. ನ್ಯೂಯಾರ್ಕ್ ಅದನ್ನು ಪರೀಕ್ಷೆ ಬರೆದ ದಿನದಿಂದ ಮೂರು ವರ್ಷದವರೆಗೆ ಮಾನ್ಯ ಮಾಡುತ್ತದೆ. ಜೊತೆಗೆ ತನ್ನ ರಾಜ್ಯದ ಕಾನೂನಿನ ಬಗ್ಗೆ ಆನ್‌ಲೈನ್ ಪಾಠಗಳನ್ನು ಕೇಳಿ 50 ಪ್ರಶ್ನೆಗಳ ಸಣ್ಣ ಪರೀಕ್ಷೆಯಲ್ಲಿ ಕನಿಷ್ಠ 30ಕ್ಕೆ ಸರಿಯುತ್ತರ ಕೊಡಬೇಕು, 50 ಗಂಟೆಗಳ ಉಚಿತ ಕಾನೂನು ಸೇವೆಯನ್ನೂ ಮಾಡಿರಬೇಕು. ವೃತ್ತಿಪರ ನಡವಳಿಕೆಯ ಪ್ರತ್ಯೇಕ ಪರೀಕ್ಷೆಯನ್ನು ಬಹುತೇಕ ರಾಜ್ಯಗಳು ಕೇಳುತ್ತವೆ. ಹಲವು ವರ್ಷ ವಕೀಲಿಕೆ ಮಾಡಿದವರು ಆ ಅನುಭವದ ಬಲದಿಂದ ಪರೀಕ್ಷೆಯಿಲ್ಲದೆ ಸೇರುವ ‘ಅಡ್ಮಿಷನ್ ಆನ್ ಮೋಷನ್’ ಬೇರೆಯೇ ದಾರಿ, ಎರಡನ್ನೂ ಬೆರೆಸಬಾರದು.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಎಲ್‌ಎಲ್‌ಬಿ ಮುಗಿಸಿ ಎಲ್‌ಎಲ್‌ಎಂಗೆಂದು ಅಮೆರಿಕಕ್ಕೆ ಹೋಗುವವರು ಇನ್ನೊಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ವಿದೇಶದಲ್ಲಿ ಕಾನೂನು ಓದಿದವರು ಪರೀಕ್ಷೆಗೆ ಕೂರಬಹುದೇ ಎಂಬುದನ್ನು ಪ್ರತಿ ರಾಜ್ಯವೂ ತನ್ನದೇ ನಿಯಮದಿಂದ ತೀರ್ಮಾನಿಸುತ್ತದೆ, ಆ ಅರ್ಹತೆ ಅಂಕದ ಜೊತೆ ಪ್ರಯಾಣಿಸುವುದಿಲ್ಲ. ವಿದೇಶಿ ಕಾನೂನು ಪದವಿಯ ಕೊರತೆ ತುಂಬಿಸುವ ಎಲ್‌ಎಲ್‌ಎಂಗೆ ನ್ಯೂಯಾರ್ಕ್ ಕೇಳುವುದು 24 ಕ್ರೆಡಿಟ್, ವಾಷಿಂಗ್ಟನ್ ಡಿ.ಸಿ. ಕೇಳುವುದು 26. ಎರಡು ಕಡೆಯೂ ಬೇಕಾದ ಅಂಕ 266 ಆಗಿದ್ದರೂ, 24ಕ್ಕೇ ಓದು ನಿಲ್ಲಿಸಿದವರು ನ್ಯೂಯಾರ್ಕಿನಲ್ಲಿ 300 ಅಂಕ ತೆಗೆದರೂ ಆ ಎರಡು ಕ್ರೆಡಿಟ್‌ಗಳಿಗಾಗಿ ರಾಜಧಾನಿಯ ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಯಾವ ಊರಿನಲ್ಲಿ ವಕೀಲಿಕೆ ಮಾಡುವ ಇಚ್ಛೆಯಿದೆಯೋ ಆ ರಾಜ್ಯದ ನಿಯಮವನ್ನು, ಪರೀಕ್ಷೆಯ ಫಲಿತಾಂಶ ಬಂದ ಮೇಲಲ್ಲ, ಎಲ್‌ಎಲ್‌ಎಂನ ಮೊದಲ ಸೆಮಿಸ್ಟರಿನ ವಿಷಯಗಳನ್ನು ಆರಿಸಿಕೊಳ್ಳುವ ಮೊದಲೇ ಓದಿಕೊಂಡಿರಬೇಕು.