ಎಂಜಿನ್ ಮುಂದಿನ ಬೆಲ್ಟ್: ಬಿರುಕಿಲ್ಲದಿದ್ದರೂ ಸವೆದಿರಬಹುದು

ಎಂಜಿನ್ ನೇರವಾಗಿ ತಿರುಗಿಸುವ ಕ್ರ್ಯಾಂಕ್ ಪುಲ್ಲಿ (ಮುಖ್ಯ ಗಾಲಿ) ತಿರುಗಿದಾಗ ಅದರ ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಏಸಿ ಕಂಪ್ರೆಸರ್, ಹಲವು ಗಾಡಿಗಳಲ್ಲಿ ವಾಟರ್ ಪಂಪ್ ಮತ್ತು ಪವರ್ ಸ್ಟೀರಿಂಗ್ ಪಂಪ್ ಕೂಡ ತಿರುಗಬೇಕು. ಆ ಕೆಲಸ ಮಾಡುವ ಬೆಲ್ಟ್ ಬಗ್ಗೆ ಈ ಟಿಪ್ಪಣಿ. ಗ್ಯಾರೇಜುಗಳಲ್ಲಿ ಇದನ್ನು ಫ್ಯಾನ್ ಬೆಲ್ಟ್ ಅಂತಲೇ ಕರೆಯುತ್ತಾರೆ. ಟೈಮಿಂಗ್ ಬೆಲ್ಟ್ ಬೇರೆ: ಅದಕ್ಕೆ ಅಡ್ಡ ಹಲ್ಲುಗಳಿರುತ್ತವೆ, ಕವರ್ ಒಳಗೆ ಕೂತಿರುತ್ತದೆ. ನಮ್ಮ ಬೆಲ್ಟ್ ಹೊರಗೇ ಕಾಣುತ್ತದೆ, ಅದರ ಉದ್ದಕ್ಕೂ ರಿಬ್‌ಗಳು, ಅಂದರೆ ಉಬ್ಬು ಗೆರೆಗಳು, ಓಡಿರುತ್ತವೆ.

ಬೆನ್ನಿನ ಮೇಲಿನ ನಂಬರ್ ಓದುವುದನ್ನು ಮೊದಲು ಕಲಿಯಬೇಕು. 6ಪಿಕೆ1200 ಎಂದಿದ್ದರೆ ಆರು ರಿಬ್, ಪಿಕೆ ಮಾದರಿ, 1200 ಮಿ.ಮೀ. ಉದ್ದ. ಪಿಕೆ ಮಾದರಿಯಲ್ಲಿ ಒಂದು ರಿಬ್‌ನಿಂದ ಇನ್ನೊಂದಕ್ಕೆ 3.56 ಮಿ.ಮೀ. ಅಂತರ. ಹಾಗಾಗಿ ಆರು ರಿಬ್‌ನ ಬೆಲ್ಟ್ ಅಗಲ ಸುಮಾರು 21 ಮಿ.ಮೀ. ಹಳೆಯ ಬೆಲ್ಟ್ ಅಳೆದು ಹೊಸದು ತರಬೇಡಿ, ಅದು ಹಿಗ್ಗಿರಬಹುದು. ನಂಬರ್ ನೋಡಿಯೇ ತನ್ನಿ.

ಪರೀಕ್ಷೆ

ಇಲ್ಲೇ ತುಂಬಾ ಜನ ಎಡವುತ್ತಾರೆ. ಹಳೆಯ ಬೆಲ್ಟ್‌ಗಳು ನಿಯೋಪ್ರೀನ್ ರಬ್ಬರಿನವು. ವಯಸ್ಸಾದಂತೆ ಬಿರುಕು ಬಿಡುತ್ತಿದ್ದವು. ಒಂದೇ ರಿಬ್‌ನಲ್ಲಿ 75 ಮಿ.ಮೀ. ಉದ್ದದೊಳಗೆ ಮೂರು ಬಿರುಕು ಕಂಡರೆ ಬದಲಾಯಿಸು ಎಂಬ ಲೆಕ್ಕ ಆಗ ಸರಿಯಾಗಿತ್ತು. ಈಗ ಬರುವವು ಹೆಚ್ಚಾಗಿ ಇಪಿಡಿಎಂ ರಬ್ಬರಿನವು. ಇವು ಅಷ್ಟು ಸುಲಭವಾಗಿ ಬಿರುಕು ಬಿಡುವುದಿಲ್ಲ. ಟೈರ್ ಸವೆದಂತೆ ಸುಮ್ನೆ ಸವೆಯುತ್ತಾ ಹೋಗುತ್ತವೆ. ಕಣ್ಣಿಗೆ ಕಪ್ಪಗೆ, ಗಟ್ಟಿಯಾಗಿ, ಚೆನ್ನಾಗಿಯೇ ಕಾಣುತ್ತವೆ. ಹಳೆಯ ಲೆಕ್ಕವನ್ನೇ ಹಿಡಿದರೆ ಕೆಟ್ಟ ಬೆಲ್ಟ್‌ಗೂ ಪಾಸ್ ಕೊಟ್ಟುಬಿಡುತ್ತೇವೆ.

ಸವೆದರೆ ಏನಾಗುತ್ತದೆ? ರಿಬ್‌ನ ಎರಡೂ ಓರೆ ಬದಿಗಳು ಪುಲ್ಲಿಯ ಸಂದಿನೊಳಗೆ ಬೆಣೆಯಂತೆ ಬಿಗಿದು ಕೂರುವುದರಿಂದಲೇ ಹಿಡಿತ ಸಿಗುತ್ತದೆ. ಬದಿಗಳು ತೆಳುವಾದರೆ ಬೆಲ್ಟ್ ಒಳಗೆ ಇಳಿಯುತ್ತದೆ. ಕೊನೆಗೆ ಪುಲ್ಲಿಯ ಏಣು ಬೆಲ್ಟಿನ ಸಂದಿನ ತಳಕ್ಕೆ ತಾಗುತ್ತದೆ. ಆಮೇಲೆ ಟೆನ್ಷನ್ (ಬಿಗಿ) ಎಷ್ಟೇ ಸರಿಯಿದ್ದರೂ ಬೆಲ್ಟ್ ಜಾರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ನೀರು ಹೊರಹೋಗಲು ಸಂದು ಉಳಿದಿರುವುದಿಲ್ಲ. ಜಾರಿದಾಗ ಬಿಸಿ, ಬಿಸಿಯಿಂದ ಮತ್ತಷ್ಟು ಸವೆತ. ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ವಾಟರ್ ಪಂಪ್ ಇದೇ ಬೆಲ್ಟ್‌ನಲ್ಲಿದ್ದರೆ ಎಂಜಿನ್ ಕಾಯುತ್ತದೆ.

ಆದ್ದರಿಂದ ಸವೆತ ಅಳೆಯುವ ವೇರ್ ಗೇಜ್ ಬಳಸಿ. ಬೆಲ್ಟ್ ತಯಾರಕರು ಚಿಕ್ಕ ಪ್ಲಾಸ್ಟಿಕ್ ಗೇಜ್ ಕೊಡುತ್ತಾರೆ. ಅದರ ಕಡ್ಡಿಯನ್ನು ಎರಡು ರಿಬ್‌ಗಳ ನಡುವೆ ಇಟ್ಟು ಬೆರಳಾಡಿಸಿ. ಕಡ್ಡಿ ರಿಬ್‌ಗಿಂತ ಮೇಲೆ ಉಬ್ಬಿದ್ದರೆ ಸರಿ; ಸಮಕ್ಕೆ ಅಥವಾ ಕೆಳಕ್ಕೆ ಇಳಿದಿದ್ದರೆ ಬೆಲ್ಟ್ ಮುಗಿದಿದೆ. ಗೇಜ್ ಇಲ್ಲದಿದ್ದರೆ ಹೊಸ ಬೆಲ್ಟಿನ ಪಕ್ಕ ಇಟ್ಟು ನೋಡಿ. ಹೊಸದರಲ್ಲಿ ಸಂದು ಚೂಪಾಗಿ ಇಕ್ಕಟ್ಟಾಗಿರುತ್ತದೆ, ಸವೆದದ್ದರಲ್ಲಿ ದುಂಡಗೆ ಅಗಲವಾಗಿರುತ್ತದೆ. ಒಂದೇ ಅಂಚು ನಾರು ಬಿಟ್ಟಿದ್ದರೆ ಯಾವುದೋ ಪುಲ್ಲಿ ಸೊಟ್ಟಗಿದೆ ಎಂದರ್ಥ. ಆಯಿಲ್ ಅಥವಾ ಕೂಲೆಂಟ್ ತಾಗಿದ್ದರೆ ಮೊದಲು ಲೀಕ್ ನಿಲ್ಲಿಸಬೇಕು, ಇಲ್ಲದಿದ್ದರೆ ಹೊಸ ಬೆಲ್ಟೂ ಹಾಳಾಗುತ್ತದೆ.

ಶಬ್ದ ಬಂದರೆ ನೀರಿನ ಪರೀಕ್ಷೆ ಒಳ್ಳೆಯದು. ಎಂಜಿನ್ ಓಡುತ್ತಿರುವಾಗ ಕೈ, ತೋಳು, ದುಪಟ್ಟಾ ಎಲ್ಲ ದೂರವಿಟ್ಟು ಬೆಲ್ಟಿನ ರಿಬ್ ಬದಿಗೆ ಸ್ವಲ್ಪ ನೀರು ಸಿಂಪಡಿಸಿ. ಚಿಕ್ ಚಿಕ್ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಕೀರಲು ಸದ್ದು ಇನ್ನೂ ಜೋರಾದರೆ ಟೆನ್ಷನ್ ಸಾಲದು, ಬೆಲ್ಟ್ ಜಾರುತ್ತಿದೆ. ಸದ್ದು ಅಡಗಿಸಲು ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆಯುವ ಅಭ್ಯಾಸ ನನಗೆ ಖಂಡಿತ ಒಪ್ಪಿಗೆಯಿಲ್ಲ. ಅದು ಕಾರಣವನ್ನು ಮುಚ್ಚಿಡುತ್ತದೆ ಅಷ್ಟೇ.

ಬದಲಾಯಿಸುವುದು

ಎಂಜಿನ್ ತಣ್ಣಗಾಗಲಿ. ಕೀ ತೆಗೆದು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೆಲ್ಟ್ ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿದೆ ಎಂದು ಫೋಟೋ ತೆಗೆಯಿರಿ, ಕೈಯಲ್ಲಿ ಒಂದು ಚಿತ್ರವನ್ನೂ ಬರೆಯಿರಿ. ಬರೆಯುವಾಗ ಒಂದು ವಿಷಯ ತಾನಾಗಿ ಅರ್ಥವಾಗುತ್ತದೆ: ರಿಬ್ ಬದಿಯಿಂದ ತಿರುಗುವ ಪುಲ್ಲಿಗಳೆಲ್ಲ ಕ್ರ್ಯಾಂಕ್ ತಿರುಗುವ ದಿಕ್ಕಿಗೇ ತಿರುಗುತ್ತವೆ, ನುಣುಪು ಬೆನ್ನಿನಿಂದ ತಿರುಗುವವು ಉಲ್ಟಾ. ಬೆಲ್ಟ್ ತಪ್ಪು ದಾರಿಯಲ್ಲಿ ಹಾಕಿದರೂ ಕೆಲವೊಮ್ಮೆ ಕೂರುತ್ತದೆ. ಆಗ ವಾಟರ್ ಪಂಪ್ ಹಿಂದುಮುಂದಾಗಿ ತಿರುಗಿ ಎಂಜಿನ್ ಕಾಯಬಹುದು.

ಬೆಲ್ಟನ್ನು ಸ್ಪ್ರಿಂಗ್‌ನಿಂದ ತಾನೇ ಬಿಗಿಯಾಗಿಡುವ ಆಟೋಮ್ಯಾಟಿಕ್ ಟೆನ್ಷನರ್ ಇದ್ದರೆ ಅದರ ಬೋಲ್ಟ್ ಅಥವಾ ಚೌಕದ ತೂತಿಗೆ ಉದ್ದ ಹಿಡಿಯ ಸ್ಪ್ಯಾನರ್ ಅಥವಾ ರ‍್ಯಾಚೆಟ್ ಹಾಕಿ ಸ್ಪ್ರಿಂಗ್ ವಿರುದ್ಧ ತಿರುಗಿಸಿ. ಕೈಗೆ ಸುಲಭವಾಗಿ ಸಿಗುವ ಪುಲ್ಲಿಯಿಂದ ಬೆಲ್ಟ್ ಜಾರಿಸಿ. ಟೆನ್ಷನರನ್ನು ಥಟ್ಟನೆ ಬಿಡಬೇಡಿ, ನಿಧಾನವಾಗಿ ಹಿಂದಕ್ಕೆ ಬರಲಿ.

ಬೆಲ್ಟ್ ಹೊರಗಿರುವ ಈ ಹೊತ್ತನ್ನು ವ್ಯರ್ಥ ಮಾಡಬಾರದು. ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿ. ಗರಗರ ಎಂದರೆ, ಅಲುಗಾಡಿದರೆ ಬೇರಿಂಗ್ ಹೋಗಿದೆ. ಟೆನ್ಷನರ್ ತೋಳು ಎಲ್ಲೂ ಸಿಕ್ಕಿಕೊಳ್ಳದೆ ಚಲಿಸಬೇಕು. ಸ್ಪ್ರಿಂಗ್ ಸೋತ ಟೆನ್ಷನರ್ ಮೇಲೆ ಹೊಸ ಬೆಲ್ಟ್ ಹಾಕಿದರೆ ಮೊದಲಿನ ತೊಂದರೆಯೇ ಮರಳುತ್ತದೆ. ಪುಲ್ಲಿಯ ಸಂದುಗಳಲ್ಲಿ ಸಿಕ್ಕಿದ ಕಲ್ಲು, ರಬ್ಬರ್ ಚೂರು ತೆಗೆಯಿರಿ.

ಹೊಸದನ್ನು ಕ್ರ್ಯಾಂಕ್ ಪುಲ್ಲಿಯಿಂದ ಶುರುಮಾಡಿ, ಸುಲಭವಾಗಿ ಕೈಗೆ ಸಿಗುವ ಪುಲ್ಲಿಯನ್ನು ಕೊನೆಗೆ ಉಳಿಸಿಕೊಳ್ಳಿ. ಒಂದು ರಿಬ್ ಆಚೆ ಈಚೆ ಕೂತಿಲ್ಲ ಎಂದು ಪ್ರತಿ ಪುಲ್ಲಿಯ ಅಂಚನ್ನೂ ಬೆರಳಿಂದ ಮುಟ್ಟಿ ನೋಡಿ. ಕೆಳಗಿನ ಪುಲ್ಲಿಗಳಿಗೆ ಟಾರ್ಚ್, ಕನ್ನಡಿ ಬೇಕಾಗುತ್ತದೆ.

ಮಾರುತಿ 800ರಂಥ ಹಳೆಯ ಗಾಡಿಗಳಲ್ಲಿ ಇರುವುದು ವಿ ಬೆಲ್ಟ್ (ರಿಬ್‌ಗಳ ಬದಲು ಇಡೀ ಬೆಲ್ಟೇ ವಿ ಆಕಾರದ ಒಂದು ಬೆಣೆ), ಟೆನ್ಷನರ್ ಇಲ್ಲ. ಆಲ್ಟರ್ನೇಟರ್ ಬೋಲ್ಟ್‌ಗಳನ್ನು ಸಡಿಲಿಸಿ, ಅದನ್ನೇ ಹೊರಕ್ಕೆ ಸರಿಸಿ ಬಿಗಿ ಮಾಡಬೇಕು. ಹೆಬ್ಬೆರಳಿಂದ ಜೋರಾಗಿ ಒತ್ತಿದಾಗ ಎಷ್ಟು ಬಗ್ಗಬೇಕು ಎಂಬುದು ಆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹೆಚ್ಚು ಬಿಗಿದರೆ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಬೇರಿಂಗ್ ಸಾಯುತ್ತವೆ. ಹೊಸ ವಿ ಬೆಲ್ಟ್ ಸ್ವಲ್ಪ ಹಿಗ್ಗುವುದರಿಂದ ಕೆಲವು ದಿನ ಓಡಿದ ಮೇಲೆ ಮತ್ತೆ ಬಿಗಿ ನೋಡಬೇಕು. ಇನ್ನು ಕೆಲವು ಗಾಡಿಗಳಲ್ಲಿ ಹೊಂದಿಸುವ ವ್ಯವಸ್ಥೆಯೇ ಇಲ್ಲದ ಸ್ಟ್ರೆಚ್ ಬೆಲ್ಟ್ ಇರುತ್ತದೆ. ಅದನ್ನು ಕತ್ತರಿಸಿ ತೆಗೆದು, ಹೊಸದನ್ನು ಅದಕ್ಕೆಂದೇ ಇರುವ ಟೂಲ್‌ನಿಂದ ಹಾಕಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿ ಹಾಕಿದರೆ ಒಳಗಿನ ದಾರಗಳು ಹರಿಯುತ್ತವೆ.

ಬ್ಯಾಟರಿ ಜೋಡಿಸಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ. ಟೆನ್ಷನರ್ ತೋಳು ಕುಣಿಯುತ್ತಿದೆಯಾ, ಚಾರ್ಜಿಂಗ್ ದೀಪ ಆರಿದೆಯಾ ನೋಡಿ. ಆಫ್ ಮಾಡಿ, ರಿಬ್‌ಗಳು ಕೂತಿರುವುದನ್ನು ಇನ್ನೊಮ್ಮೆ ಪರೀಕ್ಷಿಸಿ. ಬದಲಾಯಿಸಿದ ತಾರೀಕು ಮತ್ತು ಕಿಲೋಮೀಟರ್ ರೀಡಿಂಗ್ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.