ಬೆಳಗಿನ ಮೊದಲ ಎರಡು ನಿಮಿಷ: ತಣ್ಣನೆಯ ಎಂಜಿನ್ ಯಾಕೆ ಹೆಚ್ಚು ವಿಷ ಉಗುಳುತ್ತದೆ?

ಡಿಸೆಂಬರಿನ ಬೆಳಗ್ಗೆ ತೀರ್ಥಹಳ್ಳಿ, ಹೊಸನಗರದ ಕಡೆ ಕಾರು ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತದಲ್ಲ, ಅದು ಬಹುಪಾಲು ನೀರಾವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಹೆದರಬೇಕಾದ್ದು ಕಣ್ಣಿಗೆ ಕಾಣದ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಪೆಟ್ರೋಲಿನ ಅಂಶಗಳಾದ ಹೈಡ್ರೋಕಾರ್ಬನ್‌ಗಳಿಗೆ. ಈಗಿನ ಪೆಟ್ರೋಲ್ ಕಾರುಗಳನ್ನು ಹೊಗೆ ಪರೀಕ್ಷೆಗೆ ಓಡಿಸಿದಾಗ ಸಿಗುವ ಒಟ್ಟು ಹೈಡ್ರೋಕಾರ್ಬನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಒಂದೆರಡು ನಿಮಿಷದ್ದೇ.

ಯಾಕೆ ಹೀಗೆ? ತಣ್ಣನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ, ಗೋಡೆಗೆ ಅಂಟಿಕೊಳ್ಳುತ್ತದೆ. ಎಂಜಿನ್ ನಿಂತುಹೋಗದಿರಲಿ ಎಂದು ಕಾರಿನೊಳಗಿನ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇರಬೇಕಾದ ಲೆಕ್ಕ ಅಲ್ಲಿಗೆ ತಪ್ಪಿತು. ಇತ್ತ ಹೊಗೆಯನ್ನು ಶುದ್ಧ ಮಾಡಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ತಣ್ಣಗಿದೆ. ಅದರೊಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಸರಿಯಾಗಿ ಕೆಲಸಕ್ಕಿಳಿಯುವುದು.

ಹಾಗಾಗಿ ಇಡೀ ವಿಷಯ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಕನ್ವರ್ಟರನ್ನು ಬೇಗ ಕಾಯಿಸುವುದು ಹೇಗೆ? ಎಂಜಿನ್ನಿಗೆ ಒತ್ತಿಕೊಂಡೇ ಅದನ್ನು ಕೂರಿಸುವುದು ಒಂದು ದಾರಿ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಕಿಡಿ ಹಾರಿಸುವುದನ್ನು ಬೇಕೆಂದೇ ತಡಮಾಡುವುದು. ಆಗ ಪೆಟ್ರೋಲ್ ತಡವಾಗಿ ಉರಿಯುತ್ತದೆ, ಪಿಸ್ಟನ್ ತಳ್ಳಬೇಕಿದ್ದ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಎಂಜಿನ್ನಿನ ಕಣ್ಣಲ್ಲಿ ಅದು ನಷ್ಟ, ಕನ್ವರ್ಟರಿಗೆ ಅದೇ ಬೆಂಕಿ. ಸ್ಟಾರ್ಟ್ ಆದ ಕೂಡಲೇ ಆರ್‌ಪಿಎಂ ಏರಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಹೊಗೆಕೊಳವೆಗೆ ಹೊರಗಿನ ಗಾಳಿ ಊದುವುದು, ಕರೆಂಟಿನಿಂದ ಕಾಯಿಸುವುದು ಉಳಿದ ಉಪಾಯಗಳು. ಹೊಗೆಯಲ್ಲಿನ ಆಕ್ಸಿಜನ್ ಅಳೆದು ಪೆಟ್ರೋಲ್-ಗಾಳಿಯ ಲೆಕ್ಕ ಸರಿಪಡಿಸಲು ನೆರವಾಗುವ ಸೆನ್ಸರಿಗೂ, ಬೇಗ ಕೆಲಸಕ್ಕಿಳಿಯಲಿ ಎಂದು, ಹೀಟರ್ ಇಡುತ್ತಾರೆ.

ಕಾನೂನಿನ ಒತ್ತಡವೂ ಇತ್ತು. ಯುರೋಪಿನ ಪರೀಕ್ಷೆಯಲ್ಲಿ ಸ್ಟಾರ್ಟ್ ಆದ ಮೊದಲ 40 ಸೆಕೆಂಡಿನ ಹೊಗೆಯನ್ನು ಅಳೆಯುತ್ತಲೇ ಇರಲಿಲ್ಲ. 2000ದಲ್ಲಿ ಬಂದ ಯುರೋ 3 ಎಂಬ ಹೊಗೆ ಮಿತಿಯ ನಿಯಮ ಆ ವಿನಾಯಿತಿ ತೆಗೆದುಹಾಕಿತು.

ನಮ್ಮ ಮಲೆನಾಡಿಗೆ ಇದು ಹೆಚ್ಚು ಮುಖ್ಯ. ಚಳಿಗಾಲದ ರಾತ್ರಿ ಗುಡ್ಡದ ತಣ್ಣನೆ ಗಾಳಿ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ, ಮೇಲೆ ಬೆಚ್ಚನೆ ಗಾಳಿಯ ಪದರ ಮುಚ್ಚಿರುತ್ತದೆ. ಎಂಜಿನ್ ಅತಿ ಹೆಚ್ಚು ವಿಷ ಬಿಡುವ ಹೊತ್ತಿಗೇ ಹೊಗೆಗೆ ಮೇಲೇರಲು ದಾರಿ ಇಲ್ಲ. ಅಂಥ ಹೊತ್ತಿನಲ್ಲಿ ಅಂಗಳದಲ್ಲಿ ಹತ್ತು ನಿಮಿಷ ಕಾರು ಆನ್ ಇಟ್ಟು ಬಿಸಿ ಮಾಡುವ ರೂಢಿ ಬಿಡಬೇಕು. ನಿಂತ ಕಾರಿನಲ್ಲಿ ಹೊಗೆ ಕಡಿಮೆ, ಶಾಖವೂ ಕಡಿಮೆ, ಕನ್ವರ್ಟರ್ ನಿಧಾನವಾಗಿ ಕಾಯುತ್ತದೆ. ಅರ್ಧ ನಿಮಿಷ ಬಿಟ್ಟು, ರೇಸ್ ಮಾಡದೆ, ಮೆಲ್ಲಗೆ ಹೊರಡುವುದೇ ಸರಿ. ಬಾಗಿಲು ಮುಚ್ಚಿದ ಶೆಡ್ಡಿನೊಳಗಂತೂ ಎಂಜಿನ್ ಆನ್ ಇಡಲೇಬೇಡಿ: ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ.

ಕನ್ವರ್ಟರ್ ಎಂಜಿನ್ನಿಗಿಂತ ಬೇಗ ಆರುತ್ತದೆ ಎಂಬುದನ್ನೂ ನೆನಪಿಡಿ. ಅಡಿಕೆ ಮಂಡಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದ ಕಾರಿನ ಎಂಜಿನ್ ಇನ್ನೂ ಬೆಚ್ಚಗಿದ್ದರೂ ಕನ್ವರ್ಟರ್ ತಣ್ಣಗಾಗಿರಬಹುದು. ಡೈರಿ, ಮಂಡಿ, ಸಂತೆ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ತಣ್ಣನೆಯ ಸ್ಟಾರ್ಟ್‌ಗಳ ಸಂಖ್ಯೆ ಇಳಿಯುತ್ತದೆ.